ದ್ರಾಕ್ಷಿಯ ಗುಡ್ಡಗಳೂ ಸರೋವರದ ದಡವೂ: ಬಾಲಟನ್ ಪ್ರದೇಶದಲ್ಲಿ ವಿಹಾರದ ಇತಿಹಾಸ

೧

ಮನುಷ್ಯನ ದುಡಿಮೆಯ ಇತಿಹಾಸವನ್ನು ಬರೆದವರು ಅನೇಕರು. ಅವನ ಬಿಡುವಿನ ಇತಿಹಾಸವನ್ನು ಬರೆದವರು ವಿರಳ. ರಾಜ್ಯಗಳ ಏಳುಬೀಳು, ಭೂಕಂದಾಯದ ಪದ್ಧತಿ, ವಾಣಿಜ್ಯದ ವಿಸ್ತಾರ ಮೊದಲಾದುವು ನಮ್ಮ ಪಠ್ಯಕ್ರಮದಲ್ಲಿ ತಮಗೆ ಸಲ್ಲತಕ್ಕ ಸ್ಥಾನವನ್ನು ಪಡೆದಿವೆ. ಆದರೆ ಜನರು ಯಾವಾಗ, ಎಲ್ಲಿಗೆ, ಯಾರ ಅನುಮತಿಯಿಂದ ವಿಹಾರಕ್ಕೆ ಹೋಗುತ್ತಿದ್ದರು, ಅವರು ಹೋದುದರ ಫಲವಾಗಿ ಆ ಸ್ಥಳಕ್ಕೂ ಅಲ್ಲಿಯ ಮೂಲನಿವಾಸಿಗಳಿಗೂ ಏನಾಯಿತು ಎಂಬ ಪ್ರಶ್ನೆಗಳನ್ನು ಇತಿಹಾಸಕಾರರು ಬಹುಕಾಲ ಲಘುವಾಗಿ ಕಂಡರು. ವಿಹಾರವೆಂಬುದು ಕೇವಲ ವಿನೋದದ ವಿಷಯ, ಗಂಭೀರವಾದ ವಿಚಾರಕ್ಕೆ ಅರ್ಹವಾದುದಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು.

ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಒಂದು ನಿರ್ದಿಷ್ಟ ಪ್ರದೇಶದ ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ. ನಾವು ಆರಿಸಿಕೊಂಡಿರುವುದು ಹಂಗೇರಿ ದೇಶದ ಬಾಲಟನ್ ಸರೋವರವನ್ನೂ ಅದರ ದಡದ ದ್ರಾಕ್ಷಿಯ ಗುಡ್ಡಗಳನ್ನೂ. ಈ ಪ್ರದೇಶದ ವಿಷಯದಲ್ಲಿ ಸಾಮಾನ್ಯವಾಗಿ ಪ್ರಚಲಿತವಾಗಿರುವ ಕಥೆ ಇದು: ಪ್ರಕೃತಿ ಒಂದು ಸುಂದರವಾದ ಸರೋವರವನ್ನು ಕೊಟ್ಟಿತು, ಅದರ ಸುತ್ತ ರೈತರು ದ್ರಾಕ್ಷಿ ಬೆಳೆದುಕೊಂಡು ಶಾಂತವಾಗಿ ಬಾಳುತ್ತಿದ್ದರು, ಅನಂತರ ಪಟ್ಟಣದವರು ಬಂದರು, ಬಂದು ಅದನ್ನು ಕೆಡಿಸಿದರು. ಈ ಕಥೆಯಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಆದರೆ ವಿಹಾರಿಗಳು ಇಂದು ಸ್ನಾನಮಾಡುವ ದಡವೇ ೧೮೬೩ರ ಒಂದು ತೂಬಿನಿಂದ ರೂಪುಗೊಂಡದ್ದೆಂಬುದನ್ನೂ, ಆ ಕಾರ್ಯದ ಬೆಲೆಯನ್ನು ನೂರು ವರ್ಷಗಳ ಅನಂತರದ ಜನ ತೆರಬೇಕಾಯಿತೆಂಬುದನ್ನೂ, ದಡದ ಮೇಲಿನ ಹಕ್ಕು ಯಾರದೆಂಬ ಪ್ರಶ್ನೆ ಪ್ರತಿಯೊಂದು ಆಳ್ವಿಕೆಯಲ್ಲಿಯೂ ಹೊಸ ರೂಪದಲ್ಲಿ ತಲೆಯೆತ್ತಿತೆಂಬುದನ್ನೂ ಆ ಕಥೆ ಮರೆಮಾಡುತ್ತದೆ.

೨

ಮೊದಲು ಪ್ರದೇಶದ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯ. ಬಾಲಟನ್ ಮಧ್ಯ ಯೂರೋಪಿನ ಅತಿ ದೊಡ್ಡ ಸರೋವರ. ಅದರ ಉದ್ದ ಸುಮಾರು ೭೭ ಕಿಲೋಮೀಟರು. ವಿಸ್ತೀರ್ಣ ಸುಮಾರು ೫೯೦ ಚದರ ಕಿಲೋಮೀಟರು. ಇಷ್ಟು ವಿಸ್ತಾರವಾದ ಜಲರಾಶಿಯ ಸರಾಸರಿ ಆಳ ಮಾತ್ರ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಉತ್ತರದ ದಡದಿಂದ ತಿಹಾನಿ ಎಂಬ ಪರ್ಯಾಯದ್ವೀಪ ಸರೋವರದೊಳಕ್ಕೆ ಚಾಚಿಕೊಂಡಿದೆ. ಅಲ್ಲಿ ನೀರಿನ ಅಗಲ ಒಂದೂವರೆ ಕಿಲೋಮೀಟರಿನಷ್ಟಕ್ಕೆ ಕುಗ್ಗುತ್ತದೆ, ಆಳವೂ ಅಲ್ಲಿಯೇ ಅತ್ಯಧಿಕ. ಪಶ್ಚಿಮದ ತುದಿಯಲ್ಲಿ ಜಾಲಾ ನದಿ ಸರೋವರವನ್ನು ಸೇರುತ್ತದೆ. ದಕ್ಷಿಣದ ದಡದ ಷಿಯೋಫೋಕ್ ಪಟ್ಟಣದಿಂದ ಹೊರಡುವ ಷಿಯೋ ಕಾಲುವೆಯ ಮೂಲಕ ಹೆಚ್ಚಿನ ನೀರು ಡಾನ್ಯೂಬ್ ನದಿಯ ಕಡೆಗೆ ಹರಿದುಹೋಗುತ್ತದೆ.

ಎರಡು ದಡಗಳ ಪ್ರಕೃತಿಯಲ್ಲಿ ಗಣನೀಯವಾದ ವ್ಯತ್ಯಾಸವಿದೆ. ಉತ್ತರದ ದಡದಲ್ಲಿ ಬೆಟ್ಟಗುಡ್ಡಗಳಿವೆ; ಲಕ್ಷಾಂತರ ವರ್ಷಗಳ ಹಿಂದೆ ಆರಿಹೋದ ಜ್ವಾಲಾಮುಖಿಗಳ ಬಸಾಲ್ಟ್ ಶಿಲೆಯ ಶಿಖರಗಳಿವೆ. ಇವುಗಳಲ್ಲಿ ಬಾಡಾಚೋನಿ ಎಂಬುದು ಪ್ರಸಿದ್ಧವಾದುದು. ದಕ್ಷಿಣಾಭಿಮುಖವಾದ ಈ ಇಳಿಜಾರುಗಳಿಗೆ ಸೂರ್ಯನ ತಾಪ ನೇರವಾಗಿ ತಗಲುತ್ತದೆ; ಸರೋವರದ ನೀರು ಬೆಳಕನ್ನು ಪ್ರತಿಫಲಿಸುವುದಲ್ಲದೆ ಹವೆಯ ವೈಪರೀತ್ಯವನ್ನೂ ತಗ್ಗಿಸುತ್ತದೆ. ದ್ರಾಕ್ಷಿಗೆ ಇದಕ್ಕಿಂತ ಅನುಕೂಲವಾದ ನೆಲೆ ದೊರೆಯುವುದು ಕಷ್ಟ. ಓಲಾಸ್‌ರೀಜ್ಲಿಂಗ್, ಕೇಕ್‌ನ್ಯೆಲ್ಯೂ ಮೊದಲಾದ ಬಿಳಿಯ ದ್ರಾಕ್ಷಾಮದ್ಯಗಳಿಗೆ ಈ ಗುಡ್ಡಗಳು ಹೆಸರಾಗಿವೆ. ದಕ್ಷಿಣದ ದಡವಾದರೋ ಬಹುಮಟ್ಟಿಗೆ ಸಮತಟ್ಟು. ಅಲ್ಲಿ ನೀರಿನೊಳಕ್ಕೆ ನೂರಾರು ಹೆಜ್ಜೆ ನಡೆದರೂ ಆಳ ಸೊಂಟವನ್ನು ಮೀರದ ಸ್ಥಳಗಳಿವೆ. ಆಳವಿಲ್ಲದ ನೀರಾದುದರಿಂದ ಬೇಸಿಗೆಯಲ್ಲಿ ಅದು ಬೇಗ ಬೆಚ್ಚಗಾಗುತ್ತದೆ, ಕಠಿಣವಾದ ಚಳಿಗಾಲಗಳಲ್ಲಿ ಬೇಗ ಹೆಪ್ಪುಗಟ್ಟುತ್ತದೆ. ಈ ಆಳವಿಲ್ಲದಿರುವಿಕೆಯೇ ವಿಹಾರಿಗಳಿಗೆ ಅನುಕೂಲವಾಗಿಯೂ ಸರೋವರಕ್ಕೆ ಅಪಾಯವಾಗಿಯೂ ಪರಿಣಮಿಸಿತೆಂಬುದನ್ನು ಮುಂದೆ ನೋಡುವೆವು.

೩

ರೋಮನರ ಪನ್ನೋನಿಯ ಪ್ರಾಂತದಲ್ಲಿ ಸೇರಿದ್ದ ಈ ಸರೋವರಕ್ಕೆ ಆಗ ಪೆಲ್ಸೋ ಎಂಬ ಹೆಸರಿತ್ತು. ದ್ರಾಕ್ಷಿಯ ಕೃಷಿ ಆ ಕಾಲದಿಂದಲೂ ಇಲ್ಲಿ ನಡೆದುಬಂದಿದೆ. ೧೦೫೫ರಲ್ಲಿ ಹಂಗೇರಿಯ ರಾಜ ಮೊದಲನೆಯ ಆಂಡ್ರ್ಯೂ ತಿಹಾನಿಯಲ್ಲಿ ಬೆನೆಡಿಕ್ಟ್ ಪಂಥದ ಮಠವೊಂದನ್ನು ಸ್ಥಾಪಿಸಿ ಅದಕ್ಕೆ ದತ್ತಿಗಳನ್ನು ಬಿಟ್ಟನು. ಆ ದಾನಶಾಸನ ಲ್ಯಾಟಿನ್ ಭಾಷೆಯಲ್ಲಿದ್ದರೂ ಅದರ ನಡುವೆ ಹಂಗೇರಿಯನ್ ಪದಗಳೂ ಪದಪುಂಜಗಳೂ ಸೇರಿಕೊಂಡಿರುವುದರಿಂದ ಆ ಭಾಷೆಯ ಚರಿತ್ರೆಗೆ ಅದು ಅಮೂಲ್ಯವಾದ ಆಧಾರ. ಸಂಸ್ಕೃತ ಶಾಸನಗಳಲ್ಲಿ ಗ್ರಾಮಗಳ ಎಲ್ಲೆಯನ್ನು ಹೇಳುವಾಗ ಕನ್ನಡ ಮಾತುಗಳು ನುಸುಳಿಬಂದಿರುವುದನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಮಧ್ಯಯುಗದಿಂದ ಮುಂದಕ್ಕೆ ದ್ರಾಕ್ಷಿಯ ಗುಡ್ಡ ತನ್ನದೇ ಆದ ಒಂದು ಕಾನೂನಿನ ಆವರಣವನ್ನು ಪಡೆದುಕೊಂಡಿತು. ಅದು ಊರಿನ ಹೊಲಗದ್ದೆಗಳಂತೆ ಒಡೆಯನಿಗೆ ಬಿಟ್ಟಿ ಸಲ್ಲಿಸುವ ಭೂಮಿಯಾಗಿರಲಿಲ್ಲ. ಭೂಸ್ವಾಮಿಗೆ ಗುಡ್ಡದ ತೆರಿಗೆಯನ್ನು ಸಲ್ಲಿಸಿದವನು ತೋಟವನ್ನು ಮಕ್ಕಳಿಗೆ ಬಿಟ್ಟುಹೋಗಬಹುದಾಗಿತ್ತು, ಮಾರಲೂಬಹುದಾಗಿತ್ತು. ತೋಟಗಾರರು ಸೇರಿ ಗುಡ್ಡದ ಕಟ್ಟಳೆಗಳನ್ನು ಏರ್ಪಡಿಸಿಕೊಂಡು, ಬೇಲಿ ದಾರಿಗಳನ್ನೂ ಕೊಯ್ಲಿನ ದಿನವನ್ನೂ ನಿಯಮಿಸಿ, ಕಾವಲುಗಾರರನ್ನು ನೇಮಿಸುತ್ತಿದ್ದರು. ಒಂದೇ ಗುಡ್ಡದಲ್ಲಿ ರೈತನ ತೋಟದ ಪಕ್ಕದಲ್ಲಿಯೇ ದೂರದ ಪಟ್ಟಣದ ಕಸಬುದಾರನ ತೋಟವೂ ಶ್ರೀಮಂತನ ತೋಟವೂ ಇರುತ್ತಿದ್ದುದುಂಟು. ತೋಟದ ನಡುವೆ ಹಣ್ಣನ್ನು ಹಿಂಡುವ ಯಂತ್ರವಿದ್ದ ಮನೆ. ಅದರ ಅಡಿಯಲ್ಲಿ ನೆಲಮಾಳಿಗೆ. ಮೇಲೆ ರಾತ್ರಿ ತಂಗಲು ಒಂದು ಕೊಠಡಿ. ಕೊಯ್ಲಿನ ಕಾಲದಲ್ಲಿ ನೆಂಟರಿಷ್ಟರು ಇಲ್ಲಿಗೆ ಬಂದು ದುಡಿಮೆಯ ಜೊತೆಗೆ ಹಾಡು, ಕುಣಿತ, ಔತಣಗಳಲ್ಲಿ ಭಾಗಿಗಳಾಗುತ್ತಿದ್ದರು.

ಇದರಿಂದ ಒಂದು ಮುಖ್ಯವಾದ ಅಂಶ ಹೊರಡುತ್ತದೆ. ಬಾಲಟನ್ ಪ್ರದೇಶದಲ್ಲಿ ವಿಹಾರದ ಸಂಪ್ರದಾಯ ನೀರಿನಿಂದ ಹುಟ್ಟಿದುದಲ್ಲ. ಅದು ಗುಡ್ಡದ ಮೇಲೆ ಹುಟ್ಟಿತು. ದಡವು ಆಗ ಜೊಂಡು ಬೆಳೆದ ಜೌಗು ನೆಲ. ಮೀನುಗಾರರು, ದನಕಾಯುವವರು, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ನಿಂತು ಮಾಡಿಗೆ ಹೊದಿಸುವ ಜೊಂಡನ್ನು ಕೊಯ್ಯುವವರು ಅಲ್ಲಿಗೆ ಹೋಗುತ್ತಿದ್ದರೇ ಹೊರತು ಬಿಡುವಿಗಾಗಿ ಹೋಗುವವರು ಇರಲಿಲ್ಲವೆನ್ನಬಹುದು. ಸರೋವರವು ಗುಡ್ಡದಿಂದ ನೋಡತಕ್ಕ ವಸ್ತುವಾಗಿತ್ತು, ಇಳಿದು ಅನುಭವಿಸತಕ್ಕ ವಸ್ತುವಾಗಿರಲಿಲ್ಲ. ಕವಿ ಷಾಂಡೋರ್ ಕಿಷ್‌ಫಾಲುಡಿಯ ಪತ್ನಿಯ ಮನೆತನಕ್ಕೆ ಬಾಡಾಚೋನಿಯಲ್ಲಿ ದ್ರಾಕ್ಷಿಯ ತೋಟವೂ ಮನೆಯೂ ಇದ್ದುವು. ಇಂದು ಆ ಮನೆಯನ್ನು ನೋಡಲು ಹೋಗುವವರು ಗುಡ್ಡವನ್ನು ಹತ್ತಬೇಕು. ಹಿಂದಿನವರಿಗೆ ಸರೋವರದ ಸೊಗಸು ಎಲ್ಲಿಂದ ಕಾಣುತ್ತಿತ್ತೆಂಬುದನ್ನು ಆ ಮನೆಯ ಸ್ಥಾನವೇ ತಿಳಿಸುತ್ತದೆ.

ನೀರಿನ ಕಡೆಗೆ ಜನರನ್ನು ಮೊದಲು ಸೆಳೆದುದು ಸರೋವರದ ನೀರಲ್ಲ, ಬುಗ್ಗೆಯ ನೀರು. ಉತ್ತರದ ದಡದ ಬಾಲಟನ್‌ಫ್ಯೂರೆಡ್ ಗ್ರಾಮದಲ್ಲಿ ತಿಹಾನಿ ಮಠದ ಒಡೆತನದಲ್ಲಿದ್ದ ಹುಳಿನೀರಿನ ಚಿಲುಮೆಗಳಿದ್ದುವು. ಹದಿನೆಂಟನೆಯ ಶತಮಾನದಲ್ಲಿ ವೈದ್ಯರ ಸಲಹೆಯಂತೆ ಆ ನೀರನ್ನು ಕುಡಿಯಲು ಕುಲೀನರು ಬರತೊಡಗಿದರು. ಪಶ್ಚಿಮದ ತುದಿಯ ಕೆಸ್ಟ್‌ಹೆಯ್ ಪಟ್ಟಣದಲ್ಲಿ ಕೌಂಟ್ ಗ್ಯೋರ್ಗಿ ಫೆಸ್ಟೆಟಿಚನು ಸಮೀಪದ ಹೇವೀಜ್ ಎಂಬ ಬಿಸಿನೀರಿನ ಸರೋವರಕ್ಕೆ ಸ್ನಾನದ ಅನುಕೂಲಗಳನ್ನು ಕಲ್ಪಿಸಿದುದೂ ಈ ಶತಮಾನದ ಕೊನೆಯಲ್ಲಿಯೇ. ೧೭೯೭ರಲ್ಲಿ ಗಿಯೋರ್ಗಿಕಾನ್ ಎಂಬ ಕೃಷಿವಿದ್ಯಾಲಯವನ್ನು ಸ್ಥಾಪಿಸಿದವನೂ ಇವನೇ. ಒಬ್ಬನೇ ಭೂಸ್ವಾಮಿ ಕೃಷಿಯ ಸುಧಾರಣೆಯನ್ನೂ ವಿಹಾರಿಗಳ ಆದಾಯವನ್ನೂ ಏಕಕಾಲದಲ್ಲಿ ಚಿಂತಿಸಿದನೆಂಬುದು ಗಮನಾರ್ಹ.

೧೮೨೫ರಲ್ಲಿ ಫ್ಯೂರೆಡಿನಲ್ಲಿ ಮೊದಲ ಆನ್ನಾ ನೃತ್ಯೋತ್ಸವ ನಡೆಯಿತು. ೧೮೩೧ರಲ್ಲಿ ಕಿಷ್‌ಫಾಲುಡಿಯ ಪ್ರಯತ್ನದಿಂದ ಅಲ್ಲಿ ಹಂಗೇರಿಯನ್ ಭಾಷೆಯ ನಾಟಕಶಾಲೆಯೊಂದು ಎದ್ದಿತು. ಜರ್ಮನ್ ಮತ್ತು ಲ್ಯಾಟಿನ್ ಭಾಷೆಗಳ ಪ್ರಾಬಲ್ಯದ ಆ ಕಾಲದಲ್ಲಿ ದೇಶಭಾಷೆಯ ರಂಗಭೂಮಿಗೆ ವಿಹಾರಸ್ಥಾನವೊಂದು ಆಶ್ರಯವಿತ್ತಿತು. ರಾಜಧಾನಿಯಲ್ಲಿ ಕಷ್ಟವಾಗಿದ್ದ ರಾಜಕೀಯ ಸಂಭಾಷಣೆ ಇಲ್ಲಿಯ ನೆರಳುದಾರಿಗಳಲ್ಲಿ ಸುಲಭವಾಯಿತು. ೧೮೪೬ರಲ್ಲಿ ಕೌಂಟ್ ಇಷ್ಟ್‌ವಾನ್ ಸೇಚೆನಿಯ ಮುಂದಾಳುತನದಲ್ಲಿ ಸರೋವರದ ಮೇಲೆ ಮೊದಲ ಉಗಿಹಡಗು ಸಂಚಾರಕ್ಕೆ ಬಂದಿತು. ಅದಕ್ಕೆ ಕವಿಯ ನೆನಪಿಗಾಗಿ 'ಕಿಷ್‌ಫಾಲುಡಿ' ಎಂಬ ಹೆಸರನ್ನೇ ಇಟ್ಟರು. ವಿಹಾರವು ಕೇವಲ ವಿನೋದವೆಂಬ ಮಾತಿಗೆ ಈ ಸಂಗತಿಗಳೇ ಸಾಕಾದಷ್ಟು ಉತ್ತರ.

೪

ಈಗ ನಮ್ಮ ವಿಷಯದ ಕೇಂದ್ರಘಟನೆಗೆ ಬರುತ್ತೇವೆ. ೧೮೬೧ರಲ್ಲಿ ಬುಡಾ ನಗರವನ್ನು ನೈರುತ್ಯದ ಗಡಿಪ್ರದೇಶಕ್ಕೆ ಜೋಡಿಸುವ ದಕ್ಷಿಣ ರೈಲುಮಾರ್ಗ ಸಂಚಾರಕ್ಕೆ ತೆರೆಯಿತು. ಆಡ್ರಿಯಾಟಿಕ್ ಸಮುದ್ರದ ರೇವುಗಳಿಗೆ ಸರಕನ್ನು ಸಾಗಿಸುವುದು ಅದರ ಮುಖ್ಯ ಉದ್ದೇಶವಾಗಿತ್ತೇ ವಿನಾ ಸ್ನಾನಾರ್ಥಿಗಳನ್ನು ಕರೆತರುವುದಲ್ಲ. ಖರ್ಚು ಕಡಮೆಯಾಗಲೆಂದು ಹಳಿಗಳನ್ನು ಸರೋವರದ ದಕ್ಷಿಣದ ದಡಕ್ಕೆ ತೀರ ಹತ್ತಿರದಲ್ಲಿ ಹಾಕಿದರು. ಗಾಳಿ ಬೀಸಿದಾಗ ಅಲೆಗಳೂ ಚಳಿಗಾಲದಲ್ಲಿ ಒತ್ತಿಬರುವ ಮಂಜುಗಡ್ಡೆಯೂ ದಿಣ್ಣೆಯನ್ನು ಕೊರೆಯತೊಡಗಿದುವು. ಆಗ ಕಂಡ ಉಪಾಯ ಸರೋವರವನ್ನೇ ತಗ್ಗಿಸುವುದು. ೧೮೬೩ರಲ್ಲಿ ಷಿಯೋಫೋಕಿನಲ್ಲಿ ತೂಬು ಕಟ್ಟಿ ತೆರೆಯಲಾಯಿತು. ನೀರಿನ ಮಟ್ಟ ಸುಮಾರು ಒಂದು ಮೀಟರಿನಷ್ಟು ಇಳಿಯಿತು.

ಸರಾಸರಿ ಮೂರು ಮೀಟರಿನಷ್ಟು ಆಳವಿರುವ ಸರೋವರದಲ್ಲಿ ಒಂದು ಮೀಟರಿನ ಇಳಿತವೆಂದರೆ ಅಲ್ಪವಲ್ಲ. ಇದರ ಫಲಗಳು ಎರಡು. ಮೊದಲನೆಯದು: ದಕ್ಷಿಣದಲ್ಲಿ ನೀರು ಹಿಂಜರಿದು ಮರಳಿನ ಉದ್ದನೆಯ ಪಟ್ಟಿಯೊಂದು ಮೇಲಕ್ಕೆ ಬಂದಿತು. ಹಿಂದೆ ನೀರೂ ಜೊಂಡೂ ಇದ್ದ ಕಡೆ ಈಗ ಒಣನೆಲ. ಅದರ ಪಕ್ಕದಲ್ಲಿಯೇ ರೈಲು. ಎರಡನೆಯದು: ಪಶ್ಚಿಮದಲ್ಲಿ ಜಾಲಾ ನದಿಯ ಮುಖದಲ್ಲಿದ್ದ ಕಿಷ್-ಬಾಲಟನ್, ಎಂದರೆ ಪುಟ್ಟ ಬಾಲಟನ್ ಎಂಬ ಜೌಗುಕೊಲ್ಲಿ ಒಣಗತೊಡಗಿತು. ಮುಂದಿನ ದಶಕಗಳಲ್ಲಿ ಕಾಲುವೆಗಳನ್ನು ತೋಡಿ ಅದನ್ನು ಇನ್ನಷ್ಟು ಬತ್ತಿಸಿ ಸಾಗುವಳಿಗೂ ಹುಲ್ಲುಗಾವಲಿಗೂ ತಂದರು. ಮೊದಲ ಫಲವನ್ನು ಎಲ್ಲರೂ ಕೂಡಲೆ ಕಂಡರು. ಎರಡನೆಯದರ ಅರ್ಥ ಸುಮಾರು ನೂರು ವರ್ಷ ಯಾರಿಗೂ ಹೊಳೆಯಲಿಲ್ಲ.

೫

ಮರಳಿನ ಪಟ್ಟಿ ಹೊರಬಂದ ಮಾತ್ರಕ್ಕೆ ಅದು ವಿಹಾರಸ್ಥಾನವಾಗಲಿಲ್ಲ. ಅದಕ್ಕೆ ಗುಡ್ಡದ ಕಡೆಯಲ್ಲಿ ಒದಗಿದ ವಿಪತ್ತೂ ತಕ್ಕಮಟ್ಟಿಗೆ ಕಾರಣವಾಯಿತು. ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಬೇರುಹೇನು ೧೮೭೫ರಲ್ಲಿ ಹಂಗೇರಿ ರಾಜ್ಯದಲ್ಲಿ ಕಾಣಿಸಿಕೊಂಡು, ೧೮೮೦ರ ದಶಕದಲ್ಲಿ ಬಾಲಟನ್ ಗುಡ್ಡಗಳ ಹಳೆಯ ಬಳ್ಳಿಗಳನ್ನು ನಾಶಮಾಡಿತು. ಈ ಕೀಟವನ್ನು ತಡೆಯಬಲ್ಲ ಅಮೆರಿಕದ ಬುಡಗಳಿಗೆ ಸ್ಥಳೀಯ ತಳಿಗಳನ್ನು ಕಸಿಮಾಡುವುದೇ ನಿಜವಾದ ಪರಿಹಾರ. ಆದರೆ ನೆಲವನ್ನು ಆಳವಾಗಿ ಅಗೆದು, ಹೊಸ ಸಸಿ ನೆಟ್ಟು, ಫಲ ಬರುವವರೆಗೆ ಕಾಯಲು ಬಂಡವಾಳ ಬೇಕು. ಅದು ಮಠಗಳಿಗೂ ದೊಡ್ಡ ಭೂಸ್ವಾಮಿಗಳಿಗೂ ಸಾಧ್ಯವಾದಷ್ಟು ಸುಲಭವಾಗಿ ಸಣ್ಣ ತೋಟಗಾರನಿಗೆ ಸಾಧ್ಯವಾಗಲಿಲ್ಲ.

ಇದೇ ವರ್ಷಗಳಲ್ಲಿ ದಡದ ನೆಲಕ್ಕೆ ಬೆಲೆ ಬಂದಿತು. ೧೮೯೦ರ ದಶಕದಲ್ಲಿ ಷಿಯೋಫೋಕ್ ಸ್ನಾನದ ಪಟ್ಟಣವಾಗಿ ಬೆಳೆಯಿತು. ಬಾಲಟನ್‌ಫೆಲ್ಡ್‌ವಾರಿನಲ್ಲಿ ಸೇಚೆನಿ ಮನೆತನದವರು ತಮ್ಮ ಭೂಮಿಯಲ್ಲಿ ವಿಹಾರಧಾಮವನ್ನು ನಿರ್ಮಿಸಿದರು. ಬೇರೆ ಊರುಗಳಲ್ಲಿಯೂ ಭೂಸ್ವಾಮಿಗಳು ದಡವನ್ನು ನಿವೇಶನಗಳಾಗಿ ಹಂಚಿ ಮಾರಿದರು. ಬೇರುಹೇನಿನ ಹಾವಳಿಯೇ ವಿಹಾರಗೃಹಗಳಿಗೆ ನೇರವಾದ ಕಾರಣವೆಂದು ಹೇಳುವುದು ಅವಸರದ ತೀರ್ಮಾನವಾದೀತು. ರೈಲು, ಬೆಳೆಯುತ್ತಿದ್ದ ಬುಡಾಪೆಸ್ಟ್ ನಗರ, ಅಲ್ಲಿಯ ಮಧ್ಯಮವರ್ಗ ಇವು ಇಲ್ಲದಿದ್ದರೆ ಕೊಳ್ಳುವವರೇ ಇರುತ್ತಿರಲಿಲ್ಲ. ಆದರೆ ಗುಡ್ಡದ ಆದಾಯ ಬತ್ತಿದ ಹೊತ್ತಿನಲ್ಲಿಯೇ ದಡದ ಆದಾಯ ಕಣ್ಣಿಗೆ ಬಿದ್ದುದು ಆ ಪ್ರದೇಶದ ದೃಷ್ಟಿಯನ್ನೇ ತಿರುಗಿಸಿತೆಂಬುದನ್ನು ಅಲ್ಲಗಳೆಯಲಾಗದು. ಸಾವಿರ ವರ್ಷ ಗುಡ್ಡಕ್ಕೆ ಮುಖಮಾಡಿದ್ದ ಜನ ಈಗ ನೀರಿಗೆ ಮುಖಮಾಡಿದರು.

ಈಜು, ಹಾಯಿದೋಣಿ, ಮಂಜಿನ ಮೇಲಿನ ಜಾರಾಟ ಮೊದಲಾದ ಕ್ರೀಡೆಗಳು ಬೆಳೆದುದೂ ಆಗಲೇ. ೧೮೮೦ರಲ್ಲಿ ಕಾಲ್ಮಾನ್ ಸೆಕ್ರೇನ್ಯೆಷಿ ಎಂಬಾತನು ಷಿಯೋಫೋಕಿನಿಂದ ಫ್ಯೂರೆಡಿಗೆ ಈಜಿ ಹೆಸರಾದನು. ವಿಜ್ಞಾನವೂ ಹಿಂದೆ ಬೀಳಲಿಲ್ಲ. ೧೮೯೧ರಲ್ಲಿ ಹಂಗೇರಿಯ ಭೂಗೋಳ ಸಂಘ ಸರೋವರದ ಅಧ್ಯಯನಕ್ಕೆ ಸಮಿತಿಯೊಂದನ್ನು ನೇಮಿಸಿತು. ಲಾಯೋಷ್ ಲೋಟ್ಸಿಯ ನಾಯಕತ್ವದಲ್ಲಿ ಅದು ಅನೇಕ ಸಂಪುಟಗಳ ಗ್ರಂಥಮಾಲೆಯನ್ನು ಹೊರತಂದಿತು. ಲೋರಾಂಡ್ ಎಟ್ವೆಷ್ ಎಂಬ ಭೌತವಿಜ್ಞಾನಿ ೧೯೦೧ರ ಮತ್ತು ೧೯೦೩ರ ಚಳಿಗಾಲಗಳಲ್ಲಿ ತನ್ನ ತಿರುಚು ತಕ್ಕಡಿಯನ್ನು ಹೆಪ್ಪುಗಟ್ಟಿದ ಸರೋವರದ ಮೇಲೆ ನಿಲ್ಲಿಸಿ ಗುರುತ್ವಾಕರ್ಷಣೆಯ ಸೂಕ್ಷ್ಮವ್ಯತ್ಯಾಸಗಳನ್ನು ಅಳೆದನು. ೧೯೦೯ರಲ್ಲಿ ಉತ್ತರದ ದಡಕ್ಕೂ ರೈಲು ಬಂದಿತು.

ಇದೇ ಕಾಲದಲ್ಲಿ ಕಳೆದುಕೊಂಡವರ ಲೆಕ್ಕವನ್ನೂ ಇಡಬೇಕು. ತಿಹಾನಿಯ ಮೀನುಗಾರರು ಶರತ್ಕಾಲದಲ್ಲಿ ಗುಡ್ಡದ ಮೇಲೆ ಒಬ್ಬ ನೋಟಗಾರನನ್ನು ನಿಲ್ಲಿಸಿ, ಮೀನಿನ ಹಿಂಡು ಬರುವುದನ್ನು ಅವನು ಸನ್ನೆಯಿಂದ ತಿಳಿಸಿದೊಡನೆ ಬಲೆ ಬೀಸುವ ಪದ್ಧತಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಸರೋವರದ ಮೀನುಗಾರಿಕೆಯ ಹಕ್ಕು ಒಂದು ಕಂಪೆನಿಯ ವಶವಾಗಿ, ಹಳೆಯ ಮೀನುಗಾರರು ಸ್ವಂತ ಹಕ್ಕನ್ನು ಕಳೆದುಕೊಂಡರು. ಬಾಡಾಚೋನಿ ಗುಡ್ಡದಲ್ಲಿ ಅದೇ ಶತಮಾನದ ಮೊದಲ ದಶಕದಲ್ಲಿ ಬಸಾಲ್ಟ್ ಕಲ್ಲಿನ ಗಣಿ ತೆರೆಯಿತು. ದ್ರಾಕ್ಷಿಯನ್ನೂ ನೋಟವನ್ನೂ ಕೊಟ್ಟ ಗುಡ್ಡವನ್ನೇ ರಸ್ತೆಯ ಜಲ್ಲಿಗಾಗಿ ಒಡೆಯುವುದನ್ನು ವಿರೋಧಿಸಿ ದಶಕಗಳ ಕಾಲ ವಾದ ನಡೆಯಿತು. ಗಣಿ ನಿಂತುದು ೧೯೬೪ರಲ್ಲಿ. ಗಣಿಯಲ್ಲಿ ಕೂಲಿ ಮಾಡುತ್ತಿದ್ದವರೂ ಆ ಪ್ರದೇಶದವರೇ ಎಂಬುದನ್ನು ಮರೆತು ಈ ವಾದವನ್ನು ಕೇವಲ ಸೌಂದರ್ಯದ ಮತ್ತು ಲೋಭದ ಹೋರಾಟವೆಂದು ಚಿತ್ರಿಸುವುದು ಸರಿಯಾಗಲಾರದು.

೬

ಮೊದಲನೆಯ ಮಹಾಯುದ್ಧದ ಪರಿಣಾಮ ಈ ಸರೋವರಕ್ಕೆ ಅನಿರೀಕ್ಷಿತವಾದ ಒಂದು ಸ್ಥಾನವನ್ನು ತಂದುಕೊಟ್ಟಿತು. ೧೯೨೦ರ ಟ್ರಿಯಾನನ್ ಒಪ್ಪಂದದಿಂದ ಹಂಗೇರಿ ಆಡ್ರಿಯಾಟಿಕ್ ತೀರದ ಫ್ಯೂಮೆ ರೇವನ್ನೂ ಉತ್ತರದ ತಾತ್ರಾ ಪರ್ವತಗಳನ್ನೂ ಕಳೆದುಕೊಂಡಿತು. ಸಮುದ್ರವೂ ಎತ್ತರದ ಬೆಟ್ಟಗಳೂ ಕೈಬಿಟ್ಟುಹೋದ ದೇಶಕ್ಕೆ ಉಳಿದುದು ಬಾಲಟನ್ ಒಂದೇ. 'ಹಂಗೇರಿಯರ ಸಮುದ್ರ' ಎಂಬ ಬಿರುದು ಆಗ ಕೇವಲ ಅಲಂಕಾರವಾಗಿ ಉಳಿಯದೆ ರಾಷ್ಟ್ರೀಯ ಭಾವನೆಯ ಮಾತಾಯಿತು. ೧೯೨೭ರಲ್ಲಿ ತಿಹಾನಿಯಲ್ಲಿ ಜೀವವಿಜ್ಞಾನದ ಸಂಶೋಧನಾಲಯ ಸ್ಥಾಪಿತವಾಯಿತು. ೧೯೩೪ರಲ್ಲಿ ನೀಲಿ ಪಟ್ಟಿಯ ಹಾಯಿದೋಣಿ ಸ್ಪರ್ಧೆ ಆರಂಭವಾಯಿತು.

ಭಾರತೀಯರಿಗೆ ಈ ದಡದ ಪರಿಚಯವಾದುದೂ ಈ ಕಾಲದಲ್ಲಿಯೇ. ೧೯೨೬ರ ನವೆಂಬರಿನಲ್ಲಿ ಯೂರೋಪಿನ ಪ್ರವಾಸದಲ್ಲಿದ್ದ ರವೀಂದ್ರನಾಥ ಠಾಕೂರರು ಹೃದಯದ ಅಸ್ವಾಸ್ಥ್ಯದಿಂದ ಫ್ಯೂರೆಡಿನ ಚಿಕಿತ್ಸಾಲಯದಲ್ಲಿ ತಂಗಿ ಗುಣಹೊಂದಿದರು. ಅಲ್ಲಿ ಅವರು ಲಿಂಡನ್ ಜಾತಿಯ ಸಸಿಯೊಂದನ್ನು ನೆಟ್ಟರು. ದಡದ ನೆರಳುದಾರಿ ಇಂದು ಅವರ ಹೆಸರನ್ನೇ ಹೊತ್ತಿದೆ.

ಎರಡನೆಯ ಮಹಾಯುದ್ಧದ ಅನಂತರ ಬಂದ ಸಮತಾವಾದಿ ಆಳ್ವಿಕೆ ಖಾಸಗಿ ವಿಹಾರಗೃಹಗಳನ್ನೂ ಹೋಟೆಲುಗಳನ್ನೂ ರಾಷ್ಟ್ರೀಕರಿಸಿ ಅವುಗಳಲ್ಲಿ ಅನೇಕವನ್ನು ಕಾರ್ಮಿಕ ಸಂಘಗಳ ವಿಶ್ರಾಂತಿಗೃಹಗಳನ್ನಾಗಿ ಮಾರ್ಪಡಿಸಿತು. ಹಿಂದೆ ಸರೋವರವನ್ನು ಕಾಣದಿದ್ದ ಕಾರ್ಖಾನೆಯ ಕೆಲಸಗಾರರು ಸಂಘದ ಚೀಟಿಯನ್ನು ಹಿಡಿದು ಕುಟುಂಬಸಮೇತ ಬಂದು ತಂಗುವಂತಾಯಿತು. ಇದು ಸಾಮಾನ್ಯವಾದ ಬದಲಾವಣೆಯಲ್ಲ. ಆದರೆ ಚೀಟಿ ಯಾರಿಗೆ ಸಿಕ್ಕಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಸಂಘದ ಅಧಿಕಾರಿಗಳಾದುದರಿಂದ ಹಳೆಯ ಅಸಮಾನತೆಯ ಸ್ಥಾನದಲ್ಲಿ ಹೊಸ ಬಗೆಯದೊಂದು ನೆಲೆಗೊಂಡಿತು. ದಡವು ಧನಿಕನಿಂದ ಬಿಡುಗಡೆ ಹೊಂದಿತು, ಎಲ್ಲರದೂ ಆಗಲಿಲ್ಲ.

೧೯೫೦ರ ದಶಕದ ಕೊನೆಯಿಂದ ತಿಬೋರ್ ಫಾರ್ಕಷ್ ಮತ್ತು ಸಂಗಡಿಗರು ಇಡೀ ಸರೋವರದ ಸುತ್ತಣ ಪ್ರದೇಶಕ್ಕೆ ಒಂದೇ ಯೋಜನೆಯನ್ನು ಸಿದ್ಧಪಡಿಸಿದರು. ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಂಘದ ಆಬರ್‌ಕ್ರಾಂಬಿ ಪಾರಿತೋಷಕ ೧೯೬೫ರಲ್ಲಿ ಇವರಿಗೂ ದೊರೆಯಿತು. ಆದರೆ ನಕ್ಷೆಯ ಅಂಚಿನ ಹೊರಗೆ, ಎಂದರೆ ಗುಡ್ಡಗಳಲ್ಲಿ, ಬೇರೆಯೇ ಒಂದು ಬದಲಾವಣೆ ನಡೆದಿತ್ತು. ೧೯೬೦ರ ಸುಮಾರಿಗೆ ಕೃಷಿಯ ಸಾಮೂಹಿಕೀಕರಣ ಮುಗಿಯಿತು. ದೊಡ್ಡ ಜಮೀನುಗಳಿಗೆ ಯಂತ್ರ ಬೇಕು, ಯಂತ್ರಕ್ಕೆ ಸಮತಟ್ಟಾದ ನೆಲ ಬೇಕು. ಹೀಗಾಗಿ ಹೊಸ ದ್ರಾಕ್ಷಿತೋಟಗಳು ಗುಡ್ಡದ ಬುಡಕ್ಕೂ ಬಯಲಿಗೂ ಇಳಿದುವು. ಕಡಿದಾದ ಮೇಲಿನ ಇಳಿಜಾರುಗಳಲ್ಲಿ ಉಳಿದ ಸಣ್ಣ ತುಂಡುಗಳನ್ನು ಪಟ್ಟಣದವರು ವಾರದ ಕೊನೆಯ ಬಿಡಾರಕ್ಕಾಗಿ ಕೊಂಡರು. ಹಣ್ಣು ಹಿಂಡುವ ಮನೆ ರಜೆಯ ಮನೆಯಾಯಿತು. ವಿಹಾರವು ಗುಡ್ಡದಿಂದ ದಡಕ್ಕೆ ಇಳಿದುಬಂದಿದ್ದುದನ್ನು ಹಿಂದೆ ಕಂಡೆವು. ಈಗ ಅದು ದಡದಿಂದ ಗುಡ್ಡಕ್ಕೆ ಮರಳಿತು, ಆದರೆ ದುಡಿಮೆಯನ್ನು ಕೆಳಗೆ ಬಿಟ್ಟು.

ಇದೇ ಅವಧಿಯಲ್ಲಿ ಈ ಸರೋವರಕ್ಕೆ ಅಂತರರಾಷ್ಟ್ರೀಯ ಮಹತ್ತ್ವವೂ ಒದಗಿತು. ಗೋಡೆಯಿಂದ ಬೇರ್ಪಟ್ಟ ಪೂರ್ವ ಜರ್ಮನಿಯ ಮತ್ತು ಪಶ್ಚಿಮ ಜರ್ಮನಿಯ ಬಂಧುಗಳು ಬೇಸಿಗೆಯ ರಜೆಯ ನೆವದಲ್ಲಿ ಇಲ್ಲಿ ಒಂದುಗೂಡುತ್ತಿದ್ದರು. ಎರಡು ಕಡೆಯವರೂ ಪ್ರವೇಶಿಸಬಹುದಾಗಿದ್ದ ದೇಶಗಳಲ್ಲಿ ಹಂಗೇರಿ ಒಂದು. ೧೯೮೯ರ ಬೇಸಿಗೆಯಲ್ಲಿ ರಜೆಗೆಂದು ಬಂದ ಸಾವಿರಾರು ಪೂರ್ವ ಜರ್ಮನರು ಹಿಂತಿರುಗಲಿಲ್ಲ. ದಡದ ಜಾಂಕಾದಲ್ಲಿದ್ದ ಮಕ್ಕಳ ಶಿಬಿರವೂ ಅವರಿಗೆ ಆಶ್ರಯವಾಯಿತು. ಸೆಪ್ಟೆಂಬರ್ ೧೧ರಂದು ಹಂಗೇರಿ ಆಸ್ಟ್ರಿಯದ ಕಡೆಯ ಗಡಿಯನ್ನು ಅವರಿಗೆ ತೆರೆಯಿತು. ಎರಡು ತಿಂಗಳೊಳಗೆ ಬರ್ಲಿನ್ನಿನ ಗೋಡೆ ಬಿದ್ದಿತು.

೭

ಇನ್ನು ೧೮೬೩ರ ತೂಬಿನ ಎರಡನೆಯ ಫಲಕ್ಕೆ ಬರೋಣ. ಜಾಲಾ ನದಿ ತರುತ್ತಿದ್ದ ಮಣ್ಣನ್ನೂ ಪೋಷಕದ್ರವ್ಯಗಳನ್ನೂ ಹಿಂದೆ ಕಿಷ್-ಬಾಲಟನ್ನಿನ ಜೊಂಡು ಹಿಡಿದಿಟ್ಟುಕೊಂಡು ನೀರನ್ನು ಸೋಸಿ ಬಿಡುತ್ತಿತ್ತು. ಜೌಗು ಬತ್ತಿದ ಮೇಲೆ ನದಿ ನೇರವಾಗಿ ಸರೋವರಕ್ಕೆ ಬೀಳತೊಡಗಿತು. ಜಾಲಾ ಕಣಿವೆಯ ಹೊಲಗಳಿಗೆ ಗೊಬ್ಬರ ಕಡಮೆಯಿದ್ದಷ್ಟು ಕಾಲ ಇದರಿಂದ ಹೆಚ್ಚಿನ ಕೇಡು ಕಾಣಲಿಲ್ಲ. ೧೯೬೦ರ ದಶಕದಿಂದ ರಾಸಾಯನಿಕ ಗೊಬ್ಬರಗಳೂ, ದಡದಲ್ಲಿ ವಿಹಾರಗೃಹಗಳ ಮತ್ತು ಪಟ್ಟಣಗಳ ಕೊಳಚೆಯೂ ಹೆಚ್ಚಿದಾಗ ಸರೋವರಕ್ಕೆ ಸೇರುವ ರಂಜಕದ ಪ್ರಮಾಣ ಏರಿತು. ಆಳವಿಲ್ಲದ, ಬೆಚ್ಚನೆಯ ನೀರಿನಲ್ಲಿ ರಂಜಕ ಸೇರಿದರೆ ಪಾಚಿ ಬೆಳೆಯುವುದು ಸಹಜ. ಕೆಸ್ಟ್‌ಹೆಯ್ ಕೊಲ್ಲಿಯಲ್ಲಿ ಮೊದಲು ಕಾಣಿಸಿಕೊಂಡ ಹಸಿರು ಕ್ರಮೇಣ ಪೂರ್ವಕ್ಕೆ ಹಬ್ಬಿತು. ೧೯೬೫ರಲ್ಲಿ ಮೀನುಗಳ ದೊಡ್ಡ ಸಾವು, ೧೯೮೨ರಲ್ಲಿ ನೀಲಹರಿತ ಪಾಚಿಯ ವ್ಯಾಪಕವಾದ ಹಾವಳಿ, ೧೯೯೧ರಲ್ಲಿ ಹಾವುಮೀನುಗಳ ಸಾಮೂಹಿಕ ಸಾವು ಸಂಭವಿಸಿದುವು. ಈ ಹಾವುಮೀನು ಅಲ್ಲಿಯದಲ್ಲ. ವಿದೇಶದ ಹಣದ ಆಸೆಗಾಗಿ ೧೯೬೦ರ ದಶಕದಲ್ಲಿ ತಂದು ಬಿಟ್ಟದ್ದು.

ಪರಿಹಾರವೂ ಹಿಂದಿನ ತಪ್ಪಿನ ಸ್ಥಳದಲ್ಲಿಯೇ ದೊರೆಯಿತು. ೧೯೮೩ರಲ್ಲಿ ಸರಕಾರ ನೀರಿನ ರಕ್ಷಣೆಗಾಗಿ ವಿಸ್ತೃತವಾದ ನಿರ್ಣಯವನ್ನು ಕೈಗೊಂಡಿತು. ದಡದ ಅನೇಕ ಊರುಗಳ ಕೊಳಚೆಯನ್ನು ಶುದ್ಧಿಮಾಡಿ ಸರೋವರದ ಜಲಾನಯನ ಪ್ರದೇಶದ ಹೊರಕ್ಕೆ ಸಾಗಿಸಿದರು. ಕೊಳಚೆನೀರಿನಿಂದ ರಂಜಕವನ್ನು ಬೇರ್ಪಡಿಸುವ ಏರ್ಪಾಟನ್ನು ಮಾಡಿದರು. ಬತ್ತಿಸಿದ್ದ ಕಿಷ್-ಬಾಲಟನ್ನಿಗೆ ಮತ್ತೆ ನೀರು ತುಂಬಿಸಿದರು. ಅದರ ಮೊದಲ ಘಟ್ಟ ೧೯೮೫ರಲ್ಲಿ ಕಾರ್ಯಾರಂಭ ಮಾಡಿತು. ಮುಂದಿನ ದಶಕದಲ್ಲಿ ನೀರು ಗಣನೀಯವಾಗಿ ತಿಳಿಯಾಯಿತು. ೧೯೯೦ರ ಸುಮಾರಿಗೆ ಗೊಬ್ಬರಕ್ಕೆ ಸಿಗುತ್ತಿದ್ದ ಸಹಾಯಧನ ನಿಂತು ಅದರ ಬಳಕೆ ಕುಸಿದುದೂ ಇದಕ್ಕೆ ನೆರವಾಯಿತೆಂಬುದನ್ನು ಹೇಳದಿದ್ದರೆ ಯೋಜನೆಗೇ ಎಲ್ಲ ಕೀರ್ತಿಯನ್ನೂ ಕೊಟ್ಟಂತಾಗುತ್ತದೆ. ಸಮಸ್ಯೆ ಪೂರ್ತಿಯಾಗಿ ತೀರಿತೆಂದೂ ಅಲ್ಲ: ೨೦೦೦ದಿಂದ ೨೦೦೩ರವರೆಗಿನ ಅನಾವೃಷ್ಟಿಯಲ್ಲಿ ನೀರು ಬಹಳ ಕೆಳಕ್ಕೆ ಇಳಿಯಿತು, ೨೦೧೯ರಲ್ಲಿ ಕೆಸ್ಟ್‌ಹೆಯ್ ಕೊಲ್ಲಿಯಲ್ಲಿ ಪಾಚಿ ಮತ್ತೆ ಭಾರಿಯಾಗಿ ಬೆಳೆಯಿತು. ತಳದ ಕೆಸರಿನಲ್ಲಿ ಸೇರಿಕೊಂಡಿರುವ ಹಳೆಯ ರಂಜಕ ಬಿಸಿಲು ಹೆಚ್ಚಿದಾಗ ಮೇಲಕ್ಕೆ ಬರುತ್ತದೆ.

೧೯೯೦ರ ಅನಂತರ ವಿಶ್ರಾಂತಿಗೃಹಗಳಲ್ಲಿ ಹಲವು ಖಾಸಗಿಯವರ ಕೈಸೇರಿದುವು. ಗುಡ್ಡಗಳಲ್ಲಿ ಸಣ್ಣ ದ್ರಾಕ್ಷಿತೋಟಗಾರರು ಮತ್ತೆ ತಲೆಯೆತ್ತಿದರು. ನೆಲಮಾಳಿಗೆಗೆ ಬರುವ ಅತಿಥಿಗಳು ಅವರ ಆದಾಯದ ಮುಖ್ಯ ಭಾಗವಾದರು. ೨೦೦೦ದಲ್ಲಿ ಬಾಲಟನ್ ಪ್ರದೇಶಕ್ಕೇ ಪ್ರತ್ಯೇಕವಾದ ಕಾನೂನು ಬಂದು ಕಟ್ಟಡಗಳಿಗೂ ಭೂಬಳಕೆಗೂ ಮಿತಿಗಳನ್ನು ವಿಧಿಸಿತು. ೨೦೧೩ರ ಕೊನೆಯಲ್ಲಿ ಸರೋವರದ ವಾಣಿಜ್ಯ ಮೀನುಗಾರಿಕೆ ನಿಂತಿತು. ಈಗ ಅಲ್ಲಿ ಗಾಳ ಹಾಕುವವರು ಬಿಡುವಿನ ಹವ್ಯಾಸಿಗಳು. ಒಂದು ಕಾಲದ ಕಸಬು ಇನ್ನೊಂದು ಕಾಲದ ವಿನೋದವಾಗಿ ಉಳಿದುಕೊಂಡಿತು.

೮

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆಂದು ಹೇಳಬಹುದು. ಮೊದಲನೆಯದಾಗಿ, ವಿಹಾರವು ಸ್ಥಳಕ್ಕೆ ಹೊರಗಿನಿಂದ ಬಂದು ಅಂಟಿಕೊಳ್ಳುವ ವಸ್ತುವಲ್ಲ. ಭೂಮಿಯ ಹಕ್ಕು, ಸಾರಿಗೆ, ಬೆಳೆಯ ರೋಗ, ರಾಜ್ಯದ ಗಡಿ ಇವುಗಳೆಲ್ಲದರ ಗುರುತು ಅದರಲ್ಲಿರುತ್ತದೆ. ಎರಡನೆಯದಾಗಿ, ನಿಸರ್ಗವೆಂದು ನಾವು ಮೆಚ್ಚುವುದರಲ್ಲಿ ಎಷ್ಟು ಭಾಗ ಮನುಷ್ಯನ ಕೆಲಸವೆಂಬುದನ್ನು ದಾಖಲೆಗಳಿಂದಲೇ ತಿಳಿಯಬೇಕು. ಕಣ್ಣು ಅದನ್ನು ಹೇಳಲಾರದು. ಮೂರನೆಯದಾಗಿ, ಕಾರ್ಯ ಮತ್ತು ಪರಿಣಾಮಗಳ ನಡುವೆ ಒಂದು ಶತಮಾನದ ಅಂತರವಿರಬಹುದು. ರೈಲಿನ ದಿಣ್ಣೆಯನ್ನು ಉಳಿಸಲು ತೂಬು ತೆರೆದ ಎಂಜಿನಿಯರರು ದುರುದ್ದೇಶದವರಲ್ಲ. ಅವರ ಲೆಕ್ಕ ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ಆ ಲೆಕ್ಕದಲ್ಲಿ ಜೊಂಡಿಗೆ ಬೆಲೆಯಿರಲಿಲ್ಲ, ಅಷ್ಟೆ.

ನಮ್ಮ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದೆಂದು ತೋರಬಹುದು. ಕರ್ನಾಟಕದ ಕೆರೆಗಳ ವಿಷಯದಲ್ಲಿ ಕಟ್ಟಿಸಿದವರ ಶಾಸನಗಳನ್ನು ನಮ್ಮ ವಿದ್ವಾಂಸರು ಶ್ರಮಪಟ್ಟು ಸಂಗ್ರಹಿಸಿದ್ದಾರೆ; ಕೆರೆಯ ರಕ್ಷಣೆಗೆ ಬಿಟ್ಟ ಮಾನ್ಯಗಳನ್ನೂ ತೂಬು ಕೋಡಿಗಳ ದುರಸ್ತಿಯನ್ನೂ ಅವು ಹೇಳುತ್ತವೆ. ಆದರೆ ಅದೇ ಕೆರೆಗಳ ದಡದಲ್ಲಿ ಯಾರಿಗೆ ನಡೆಯುವ, ಮೀನು ಹಿಡಿಯುವ, ಜೊಂಡು ಕೊಯ್ಯುವ, ಸುಮ್ಮನೆ ಕುಳಿತುಕೊಳ್ಳುವ ಹಕ್ಕಿತ್ತು, ಆ ಹಕ್ಕು ಯಾವಾಗ ಯಾರಿಗೆ ಹೋಯಿತು ಎಂಬುದನ್ನು ತಾಲ್ಲೂಕು ಕಚೇರಿಯ ಹಳೆಯ ಕಾಗದಪತ್ರಗಳಿಂದಲೂ, ಹರಾಜಿನ ದಾಖಲೆಗಳಿಂದಲೂ, ಊರಿನ ಹಿರಿಯರ ಹೇಳಿಕೆಗಳಿಂದಲೂ ಕೂಡಿಸುವ ಕೆಲಸ ಇನ್ನೂ ಬಹಳವಿದೆ. ಒಂದು ಕೆರೆಯನ್ನು, ಒಂದು ತಲೆಮಾರನ್ನು ಆರಿಸಿಕೊಂಡು ಆರಂಭಿಸಿದರೂ ಸಾಕು. ಸ್ನಾತಕೋತ್ತರ ತರಗತಿಯ ಪ್ರಬಂಧಕ್ಕೆ ಇದು ಅಳತೆಗೆ ತಕ್ಕ ವಿಷಯವೆಂದು ನಮ್ಮ ಅಭಿಪ್ರಾಯ.